ಗೀಸರಿಗೆ ಇಟ್ಟ ಕುಂಕುಮ

ನಮ್ಮ ಬಚ್ಚಲಿನ ಗೀಸರಿಗೆ ಎರಡು ಗುರುತುಗಳಿವೆ. ಶಾಖ ಹೆಚ್ಚು ಕಡಿಮೆ ಮಾಡುವ ಕಪ್ಪು ನಾಬಿನ ಪಕ್ಕದಲ್ಲಿ ಒಂದು ನೀಲಿ ಮಾರ್ಕರಿನ ಗೆರೆ, ಅದು ನನ್ನ ಗಂಡ ಎಳೆದದ್ದು. ಅದರಿಂದ ಎರಡು ಬೆರಳು ಬಲಕ್ಕೆ ಒಂದು ಕುಂಕುಮದ ಬೊಟ್ಟು, ಅದು ನನ್ನ ಅಮ್ಮ ಇಟ್ಟದ್ದು. ಈ ಎರಡು ಬೆರಳಿನ ಅಂತರದಲ್ಲಿ ನಾನು ನಲವತ್ತು ದಿನ ಬಾಣಂತಿ ನೀರು ಮಿಂದಿದ್ದೇನೆ.

ದುಬೈಯ ಕರಾಮದಲ್ಲಿ ನಮ್ಮದು ಹಳೆಯ ಕಟ್ಟಡ. ಹೊಸ ಕಟ್ಟಡಗಳಲ್ಲಿ ಗೀಸರನ್ನು ಫಾಲ್ಸ್ ಸೀಲಿಂಗಿನ ಮೇಲೆ ಅಡಗಿಸಿಡುತ್ತಾರೆ. ನಮ್ಮಲ್ಲಿ ಅದು ಗೋಡೆಯ ಮೇಲೆ, ಮೀಯುವವರ ನೆತ್ತಿಗೆ ಸರಿಯಾಗಿ ನೇತಾಡುತ್ತದೆ. ನಾಬಿನ ಸುತ್ತ ಇದ್ದ ಅಂಕಿಗಳನ್ನು ನಮಗಿಂತ ಮೊದಲಿದ್ದವರು ತಿಕ್ಕಿ ತಿಕ್ಕಿ ಅಳಿಸಿಬಿಟ್ಟಿದ್ದಾರೆ. ಬಚ್ಚಲಿನ ಹೊರಗಿರುವ ಸ್ವಿಚ್ಚಿನ ಕೆಂಪು ದೀಪವೂ ನಾವು ಬರುವ ಮೊದಲೇ ಸತ್ತಿತ್ತು. ಅದನ್ನು ಬದಲಾಯಿಸು ಎಂದು ನಾತೂರನಿಗೆ, ಅಂದರೆ ಕಟ್ಟಡದ ಕಾವಲುಗಾರನಿಗೆ, ಒಮ್ಮೆ ಹೇಳಿದ್ದೆ. "ಪಾನಿ ಗರಮ್ ಹೋತಾ ಹೈ ನಾ? ಖಲಾಸ್," ನೀರು ಕಾದರೆ ಸಾಕಲ್ಲ, ಎಂದು ಅವನು ಹೋದ. ಆಮೇಲೆ ನಾನೂ ಕೇಳಲಿಲ್ಲ.

ಇವರು, ಅಂದರೆ ನನ್ನ ಗಂಡ, ಮೈಸೂರಿನವರು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕರ ಕೆಲಸ. ಹೊರಗೆ ನೆಲ ಕಾದ ಕಾವಲಿಯಾಗಿರುವಾಗ ಒಳಗೆ ಬಟಾಣಿ, ಮೀನು, ಐಸ್‌ಕ್ರೀಮುಗಳನ್ನು ಕಲ್ಲು ಮಾಡಿ ಇಡುವುದು. ದುಬೈಯಲ್ಲಿ ಜುಲೈ ತಿಂಗಳಲ್ಲೂ ಸ್ವೆಟರ್ ತೊಟ್ಟು ದುಡಿಯುವ ಕೆಲವೇ ಜನರಲ್ಲಿ ಇವರೊಬ್ಬರು. ಅಲ್ಲಿ ಒಂದು ಡಿಗ್ರಿ ಏರುಪೇರಾದರೂ ಮೇಲಿನವರಿಗೆ ಉತ್ತರ ಹೇಳಬೇಕು. ಆ ಶಿಸ್ತನ್ನು ಇವರು ಮೆಟ್ರೋದಲ್ಲಿ ದಿನಾ ಮನೆಗೂ ಹೊತ್ತು ತಂದರು.

ಮದುವೆಯಾಗಿ ನಾನು ಬಂದಾಗ ಗೀಸರಿಗೆ ಬೆಳ್ಳಿ ಬಣ್ಣದ ಹಾಳೆ ಸುತ್ತಿತ್ತು, ಬಾಳೆಯೆಲೆಯಲ್ಲಿ ಸುತ್ತಿದ ಕಡುಬಿನ ಹಾಗೆ. ಶಾಖ ಸೋರಬಾರದಂತೆ. ಸ್ನಾನಕ್ಕೆ ಇಪ್ಪತ್ತು ನಿಮಿಷ ಮೊದಲು ಸ್ವಿಚ್ ಹಾಕಬೇಕು, ಬಚ್ಚಲಿಗೆ ಕಾಲಿಡುವಾಗ ಆರಿಸಬೇಕು. ನಾಬನ್ನು ವಾರಕ್ಕೊಂದು ಕೂದಲೆಳೆಯಷ್ಟು ಕೆಳಗಿಳಿಸುತ್ತ, ನಾನು ಯಾವಾಗ ಕೂಗುತ್ತೇನೆ ಎಂದು ಇವರು ಕಾದರು. ಒಂದು ದಿನ ಕೂಗಿದೆ. ಅಲ್ಲಿಂದ ಒಂದು ಕೂದಲೆಳೆ ಮೇಲೆತ್ತಿ ಮಾರ್ಕರಿನಲ್ಲಿ ಗೆರೆ ಎಳೆದರು. ಆ ಗೆರೆಯ ನೀರಿನಲ್ಲಿ ಸ್ನಾನ ಆಗುತ್ತದೆ, ಸುಖ ಆಗುವುದಿಲ್ಲ. ಹೋದ ವರ್ಷದ ಅದೇ ತಿಂಗಳಿಗಿಂತ ಕರೆಂಟು ಬಿಲ್ಲು ಇಳಿದ ದಿನ ಇವರು ಪಾಯಸ ಮಾಡು ಎನ್ನುತ್ತಿದ್ದರು. ಪಾಯಸಕ್ಕೆ ಎಷ್ಟು ಗ್ಯಾಸು ಉರಿಯಿತು ಎಂದು ನಾನು ಯಾವತ್ತೂ ಕೇಳಲಿಲ್ಲ, ಪಾಯಸ ನನಗೆ ಇಷ್ಟ.

ಅಮ್ಮ ಉಡುಪಿ ಕಡೆಯವಳು. ನನ್ನ ಹೆರಿಗೆಗೆ ಒಂದು ವಾರ ಮೊದಲು, ಏಪ್ರಿಲ್ ತಿಂಗಳಲ್ಲಿ, ಅರವತ್ತು ದಿನದ ವಿಸಿಟ್ ವೀಸಾದ ಮೇಲೆ ಬಂದಿಳಿದಳು. ಪೆಟ್ಟಿಗೆಯಲ್ಲಿ ಎರಡು ಸೀರೆ ಬಿಟ್ಟರೆ ಮಿಕ್ಕದ್ದೆಲ್ಲ ಬಾಣಂತನದ ಸಾಮಾನು. ಸೊಪ್ಪು ಹಾಕಿ ಕಾಯಿಸಿದ ಎಣ್ಣೆ, ಸೀಗೆಪುಡಿ, ಕೂತು ಮೀಯಲು ಒಂದು ಮಣೆ, ಒಂದು ತಾಮ್ರದ ಚೊಂಬು. ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಚೊಂಬನ್ನು ತಿರುಗಿಸಿ ನೋಡಿ, ಬೆರಳಿನಿಂದ ತಟ್ಟಿ, ಇದು ಏನು ಎಂದು ಕೇಳಿದನಂತೆ. ಅಮ್ಮ "ಮೀಯ್ಲಿಕ್ಕೆ" ಎಂದು ಕನ್ನಡದಲ್ಲೇ ಹೇಳಿದಳಂತೆ. ಅವನು ಅರ್ಥವಾಗಿ ಬಿಟ್ಟನೋ, ಅರ್ಥವಾಗುವುದಿಲ್ಲ ಎಂದು ಬಿಟ್ಟನೋ, ಅಂತೂ ಚೊಂಬು ಕರಾಮ ಸೇರಿತು.

ಅಮ್ಮನಿಗೆ ಈ ಬಾಣಂತನ ಒಂದು ಹಳೆಯ ನೋವಿನ ಸಂಗತಿ. ನಾನು ಹುಟ್ಟಿದ್ದು ಬೊಂಬಾಯಿಯ ಒಂದು ಚಾಳಿನಲ್ಲಿ. ಊರಿಗೆ ಹೋಗಲು ಆಗಲಿಲ್ಲ, ಊರಿನಿಂದ ಯಾರೂ ಬರಲಿಲ್ಲ. ಬೆಳಿಗ್ಗೆ ಒಂದು ಗಂಟೆ ನಲ್ಲಿಯಲ್ಲಿ ನೀರು. ಹೆತ್ತ ಹನ್ನೊಂದನೆಯ ದಿನ ಅಮ್ಮ ತಾನೇ ಕೊಡಪಾನ ಹಿಡಿದು ಸಾಲಿನಲ್ಲಿ ನಿಂತವಳು. ಬಿಸಿನೀರು ಹೊಯ್ಯುವವರಿಲ್ಲ, ಹೊಯ್ಯಲು ನೀರೂ ಇಲ್ಲ. ಅವತ್ತಿನಿಂದ ಅವಳ ಸೊಂಟ ನೆಟ್ಟಗಾಗಲಿಲ್ಲ. ನೆಲದಿಂದ ಏಳುವಾಗ ಇವತ್ತಿಗೂ ಗೋಡೆ ಹಿಡಿಯುತ್ತಾಳೆ.

ಬಂದ ದಿನವೇ ನನಗೆ ಹೇಳಿದಳು, "ನನ್ನ ಸೊಂಟ ಬೊಂಬಾಯಿ ನೀರಿಗೆ ಹೋಯ್ತು. ನಿನ್ನದು ದುಬೈ ನೀರಿಗೆ ಹೋಗ್ಲಿಕ್ಕೆ ನಾನು ಬಿಡುದಿಲ್ಲ. ನಲವತ್ತು ದಿನ ಮೀಯಿಸಿಯೇ ನಾನು ವಿಮಾನ ಹತ್ತುದು."

ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ನೀರು ಎರೆಯುವ ದಿನ ಬಂತು. ಅಮ್ಮ ಸೀರೆ ಎತ್ತಿ ಕಟ್ಟಿ, ನನ್ನನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ತಿಕ್ಕಿ, ಬಾಲ್ದಿಗೆ ಕೆಂಪು ನಲ್ಲಿ ಬಿಟ್ಟು, ಚೊಂಬಿನಲ್ಲಿ ನೀರು ಎತ್ತಿ ಸೊಂಟಕ್ಕೆ ಬೀಸಿ ಹೊಡೆದಳು. ನಮ್ಮ ಕಡೆ ಬಾಣಂತಿಗೆ ನೀರು ಹೊಯ್ಯುವುದಿಲ್ಲ, ಹೊಡೆಯುತ್ತಾರೆ. ಪ್ರತಿ ಚೊಂಬಿಗೂ ಒಂದು ಪ್ರಶ್ನೆ, "ಬಿಸಿ ಉಂಟಾ?" ಅದಕ್ಕೆ ಬಾಣಂತಿ "ಉಂಟು" ಎನ್ನಬೇಕು. "ಸಾಕು" ಎಂದರೆ ಅದನ್ನು ಉತ್ತರವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಬಿಸಿ ಉಂಟಾ?"

"ಉಂಟು," ಎಂದೆ. ಉಗುರುಬೆಚ್ಚಗಿತ್ತು. ಮನೆಯಲ್ಲಿ ಶಾಂತಿ ಇರಲಿ ಎಂದು ಹೇಳಿದ ಸುಳ್ಳು.

ಅಮ್ಮ ತನ್ನ ಮುಂಗೈಗೆ ಒಂದಿಷ್ಟು ಹೊಯ್ದು ನೋಡಿಕೊಂಡಳು. "ಇದು ಬಿಸಿಯಾ? ಇದರಲ್ಲಿ ಅಕ್ಕಿ ತೊಳೀಬಹುದು," ಎಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಅಮ್ಮ ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ಅದು ಸಿಟ್ಟಲ್ಲ, ಮರ್ಯಾದೆ. ಅವಳು ಬೆಳೆದದ್ದೇ ಹಾಗೆ. ಅಳಿಯ ಎದುರಿಗೇ ಕೂತಿದ್ದರೂ "ಅವರಿಗೆ ಚಹಾ ಬೇಕಾ ಕೇಳು" ಎಂದು ನನಗೆ ಹೇಳುತ್ತಾಳೆ. ಇವರು ಮೊದಮೊದಲು ನೇರವಾಗಿಯೇ ಉತ್ತರ ಕೊಟ್ಟರು. ಅಮ್ಮ ಗೋಡೆ ನೋಡಿದಳು. ಆಮೇಲೆ ಇವರೂ ಕಲಿತು "ಅತ್ತೆಗೆ ಹೇಳು, ಅರ್ಧ ಲೋಟ ಸಾಕು ಅಂತ" ಎನ್ನತೊಡಗಿದರು. ಮೂರು ಜನ ಒಂದೇ ಸೋಫಾದಲ್ಲಿ ಕೂತಿರುತ್ತಿದ್ದೆವು.

ಮಗಳು ಮನೆಗೆ ಬಂದ ಮೇಲೆ ನನ್ನ ಆ ಕೆಲಸ ಅವಳ ಪಾಲಿಗೆ ಹೋಯಿತು. ಆಗ ಅವಳಿಗೆ ಎರಡು ವಾರವೂ ತುಂಬಿರಲಿಲ್ಲ.

"ಅಪ್ಪನಿಗೆ ಹೇಳು ಮಗಾ, ನೀರು ಕಾಯುದಿಲ್ಲ ಅಂತ," ಎನ್ನುತ್ತಿದ್ದಳು ಅಮ್ಮ, ತೊಟ್ಟಿಲಿಗೆ ಬಗ್ಗಿ.

"ಪಾಪು, ಅಜ್ಜಿಗೆ ಹೇಳು, ಜಾಸ್ತಿ ಕಾಯಿಸಿದ್ರೆ ಟ್ಯಾಂಕಲ್ಲಿ ಉಪ್ಪು ಕಟ್ಟುತ್ತೆ, ಕಾಯಿಲ್ ಹೋಗುತ್ತೆ," ಎನ್ನುತ್ತಿದ್ದರು ಇವರು, ಆ ಕಡೆಯಿಂದ ಬಗ್ಗಿ.

ಪಾಪು ಎರಡೂ ಕಡೆಯವರಿಗೆ ಸಮಾನವಾಗಿ ಆಕಳಿಸುತ್ತಿದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಗಾದೆ ಮಾಡಿದವರು ಅಳಿಯನಿಗೆ ಯಾವ ಕಾಲವನ್ನೂ ಬಿಟ್ಟಿಲ್ಲ. ಹಾಗಾಗಿ ಇವರಿಬ್ಬರ ಮುಂದಿನ ಮಾತುಕತೆಯೆಲ್ಲ ಗೀಸರಿನ ನಾಬಿನ ಮೂಲಕವೇ ನಡೆಯಿತು.

ಬೆಳಿಗ್ಗೆ ಇವರು ಮೆಟ್ರೋ ಹಿಡಿಯಲು ಹೊರಟ ಮೇಲೆ ಅಮ್ಮ ಪ್ಲಾಸ್ಟಿಕ್ ಸ್ಟೂಲು ಹತ್ತುತ್ತಿದ್ದಳು. ಸೊಂಟ ನೋಯುವವಳು, ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಿಂದ ನಾಬನ್ನು ಬಲಕ್ಕೆ ತಿರುಗಿಸುತ್ತಿದ್ದಳು. ಸಂಜೆ ಇವರು ಬಂದು, ಕೈಕಾಲು ತೊಳೆಯುವ ನೆಪದಲ್ಲಿ ಒಳಹೋಗಿ, ಎಡಕ್ಕೆ ತಿರುಗಿಸುತ್ತಿದ್ದರು. ಇವರು ಉದ್ದ, ಸ್ಟೂಲು ಬೇಡ. ಬೆಳಿಗ್ಗೆ ಮತ್ತೆ ಬಲಕ್ಕೆ. ಇಬ್ಬರೂ ಈ ಬಗ್ಗೆ ಯಾರ ಹತ್ತಿರವೂ ಒಂದು ಮಾತು ಆಡಲಿಲ್ಲ. ಒಮ್ಮೆ ಮಾತ್ರ ಇವರು ನನ್ನನ್ನು ಕೇಳಿದರು, "ಏನೇ ಇದು, ನಾಬ್ ತಾನಾಗೇ ತಿರುಗುತ್ತಾ? ಮೇಲಿನ ಮನೆಯವರ ವಾಷಿಂಗ್ ಮಷೀನ್ ಅದುರೋದಕ್ಕಾ?"

"ಇರಬಹುದು," ಎಂದೆ.

ಅಂಕಿಗಳಿಲ್ಲದ ನಾಬಿನಲ್ಲಿ ದಿನಾ ಸರಿಯಾದ ಜಾಗ ಹುಡುಕುವುದು ಅಮ್ಮನಿಗೆ ಕಷ್ಟವಾಯಿತು. ಒಂದು ಶುಕ್ರವಾರ ಪೂಜೆ ಮುಗಿಸಿ ಬಂದವಳು ಸ್ಟೂಲು ಹತ್ತಿ ತನ್ನ ಜಾಗಕ್ಕೆ ಒಂದು ಕುಂಕುಮದ ಬೊಟ್ಟು ಇಟ್ಟಳು, ಎಣ್ಣೆಯಲ್ಲಿ ಕಲಸಿ, ಅಳಿಸದ ಹಾಗೆ. ದೀಪಾವಳಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬಕ್ಕೆ ಊರಿನಲ್ಲಿ ಹಂಡೆಗೆ ಕುಂಕುಮ ಇಡುವುದು ಎಲ್ಲರಿಗೂ ಗೊತ್ತು. ಮೇ ತಿಂಗಳಲ್ಲಿ ಗೀಸರಿಗೆ ಇಟ್ಟದ್ದನ್ನು ಮೊದಲ ಸಲ ನೋಡಿದೆ. ಸಂಜೆ ಇವರು ಅದನ್ನು ನೋಡಿ, ಒರೆಸಲು ಎತ್ತಿದ ಕೈಯನ್ನು ಇಳಿಸಿದರು. ಅತ್ತೆಯ ಗುರುತನ್ನು ಒರೆಸಬಹುದು, ದೇವರ ಕುಂಕುಮವನ್ನು ಹೇಗೆ ಒರೆಸುವುದು? ಅದಕ್ಕೆ ಕೈಮುಗಿಯದಿದ್ದರೂ ಮುಟ್ಟದೆ, ನಾಬನ್ನಷ್ಟೇ ತಮ್ಮ ಗೆರೆಗೆ ತಂದು ಹೊರಬಂದರು.

ಹೀಗೆ ಇಪ್ಪತ್ತು ದಿನ ಕಳೆಯಿತು. ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಅಡ್ಡಗೆರೆ ಹಾಕುತ್ತಿದ್ದಳು. ನೀರು ಸರಿ ಕಾಯದ ದಿನ ಅರ್ಧ ಗೆರೆ.

ಆಮೇಲೆ ಬಿಸಿಲು ಏರಿತು. ಇಲ್ಲಿ ಇರುವವರಿಗೆ ಇದು ಗೊತ್ತಿರುವ ಮಾತು, ಊರಿನವರಿಗೆ ಹೇಳಿದರೆ ನಗುತ್ತಾರೆ. ಕಟ್ಟಡಕ್ಕೆಲ್ಲ ನೀರು ಬರುವುದು ಮಾಳಿಗೆಯ ಮೇಲಿನ ಟ್ಯಾಂಕಿನಿಂದ. ಮೇ ನಡುವಿನಿಂದ ಆ ಟ್ಯಾಂಕು ಬೇಯುತ್ತದೆ. ತಣ್ಣೀರಿನ ನೀಲಿ ನಲ್ಲಿ ತಿರುಗಿಸಿದರೆ ಕೈ ಹಿಂದೆಳೆದುಕೊಳ್ಳುವಷ್ಟು ಬಿಸಿ. ಆಗ ಎಲ್ಲರೂ ಗೀಸರನ್ನು ಆರಿಸಿಬಿಡುತ್ತಾರೆ. ಆರಿಸಿದ ಗೀಸರಿನ ಒಳಗಿನ ನೀರು ಏಸಿಯ ತಂಪಿಗೆ ಆರಿ ತಣ್ಣಗಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಇಲ್ಲಿ ಕೆಂಪು ನಲ್ಲಿಯಲ್ಲಿ ತಣ್ಣೀರು, ನೀಲಿ ನಲ್ಲಿಯಲ್ಲಿ ಬಿಸಿನೀರು. ಹೊಸದಾಗಿ ಬಂದವರು ಒಂದು ಸಲ ಸುಟ್ಟುಕೊಂಡು ಕಲಿಯುತ್ತಾರೆ. ಹಳಬರಿಗೆ ಮೇ ಬಂತೆಂದರೆ ಕೈ ತಾನಾಗಿಯೇ ಕೆಂಪಿನ ಕಡೆ ಹೋಗುತ್ತದೆ. ಇವರು ಹನ್ನೆರಡು ವರ್ಷದ ಹಳಬರು.

ಒಂದು ದಿನ ಆಫೀಸಿಗೆ ಹೊರಡುವಾಗ ಇವರು ಗೀಸರನ್ನು ಆರಿಸಿ, ನಾಬನ್ನು ತಮ್ಮ ಗೆರೆಗೆ ತಂದು, ನನ್ನ ಕಿವಿಯಲ್ಲಿ ಹೇಳಿದರು, "ಇನ್ನು ಅಕ್ಟೋಬರ್‌ವರೆಗೆ ಬೇಡ ಕಣೇ. ಅತ್ತೆಗೆ ನೀನೇ ಹೇಳು."

ಹೇಗೆ ಹೇಳುವುದು? ಬಾಣಂತಿ ಇರುವ ಮನೆಯಲ್ಲಿ ಹಂಡೆಯ ಒಲೆ ಆರಿಸಿದರು ಎಂದರೆ ಅಮ್ಮನ ಲೆಕ್ಕದಲ್ಲಿ ಅದು ಬೈಯುವುದಕ್ಕೂ ಮೀರಿದ್ದು. ಮಾಳಿಗೆಯ ಟ್ಯಾಂಕು, ಬಿಸಿಲು, ಏಸಿ ಎಂದು ನಾನು ವಿವರಿಸುವಷ್ಟರಲ್ಲಿ ಅವಳಿಗೆ ಒಂದೇ ಮಾತು ಕೇಳಿಸಿರುತ್ತದೆ, ಅಳಿಯ ಆರಿಸಿದ. ಇವರದ್ದು ಕೆಟ್ಟ ಮನಸ್ಸಲ್ಲ, ಇಡೀ ಕರಾಮವೇ ಹಾಗೆ ಮಾಡುತ್ತದೆ. ಅಮ್ಮನದ್ದೂ ತಪ್ಪಲ್ಲ. ಅವಳಿಗೆ ನೀಲಿ ನಲ್ಲಿಯ ಪರಿಚಯವೇ ಇರಲಿಲ್ಲ, ಬೆರೆಸುವಷ್ಟು ಬಿಸಿ ಇದ್ದರೆ ತಾನೇ ತಣ್ಣೀರು ಬೇಕಾಗುವುದು?

ನಲ್ಲಿಯ ತಲೆಯ ಮೇಲೆ ಕೆಂಪು ನೀಲಿ ಪ್ಲಾಸ್ಟಿಕ್ ಬಿಲ್ಲೆಗಳಿರುತ್ತವಲ್ಲ, ಅವು ಉಗುರು ಹಾಕಿದರೆ ಏಳುತ್ತವೆ. ಎಬ್ಬಿಸಿದೆ. ಕೆಂಪನ್ನು ನೀಲಿಯ ಜಾಗದಲ್ಲಿ, ನೀಲಿಯನ್ನು ಕೆಂಪಿನ ಜಾಗದಲ್ಲಿ ಒತ್ತಿ ಕೂರಿಸಿದೆ. ಒಂದು ನಿಮಿಷದ ಕೆಲಸ. ಸ್ವಿಚ್ಚು, ನಾಬು ಎಲ್ಲ ಇವರೇ ಸರಿಮಾಡಿ ಹೋಗಿದ್ದಾರೆ ಎಂದು ಅಮ್ಮನಿಗೆ ಹೇಳಿದೆ, ದೀಪ ಸತ್ತ ಸ್ವಿಚ್ಚು ಹಾಕಿದೆಯೋ ಆರಿದೆಯೋ ಅವಳಿಗೆ ತಿಳಿಯುವಂತಿರಲಿಲ್ಲ. ನಾನು ಮಾಡಿದ್ದು ಮೋಸ ಎಂದು ಆಗ ಅನಿಸಲೇ ಇಲ್ಲ. ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ, ಈಗ ಇದ್ದದ್ದೇ ಸರಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವತ್ತು ಅಮ್ಮ ಕೆಂಪು ಬಿಲ್ಲೆ ನೋಡಿ ನಲ್ಲಿ ತಿರುಗಿಸಿದಳು. ಬಾಲ್ದಿಯಿಂದ ಹಬೆ ಎದ್ದಿತು. ಅಮ್ಮ ಕೈ ಅದ್ದಿ, ಹಿಂದೆಳೆದು, ಬಾಲ್ದಿಯನ್ನೇ ನೋಡಿದಳು. "ಅಂತೂ ನಿನ್ನ ಗಂಡನಿಗೆ ಬುದ್ಧಿ ಬಂತು," ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ, "ಒಳ್ಳೆಯವರೇ ಪಾಪ," ಎಂದಳು.

ಸೊಂಟಕ್ಕೆ ಬಿದ್ದ ಆ ನೀರು ನನಗೆ ಇನ್ನೂ ನೆನಪಿದೆ. "ಬಿಸಿ ಉಂಟಾ?" ಎಂದು ಕೇಳಿದಾಗ ಹೇಳಬೇಕಾದ ಸುಳ್ಳು ಅವತ್ತು ತಪ್ಪಿತು. ಮೂಳೆಯ ಒಳಗಿನ ತನಕ ಹೋಗಿ ಏನೋ ಸಡಿಲವಾದ ಹಾಗಾಯಿತು, ಕಣ್ಣಲ್ಲಿ ನೀರು ಬಂತು. ಅಮ್ಮ ಕ್ಯಾಲೆಂಡರಿನಲ್ಲಿ ಪೂರ್ತಿ ಗೆರೆ ಎಳೆದಳು.

ಒಮ್ಮೆ ಮಾತ್ರ ಅವಳಿಗೆ ಅನುಮಾನ ಬಂತು. "ಈ ಕೆಂಪು ಮೊದಲು ಆಚೆ ಬದಿಯಲ್ಲಿ ಇತ್ತಲ್ವಾ?"

"ಇಲ್ಲಮ್ಮ. ಸರಿ ನಿದ್ದೆ ಇಲ್ಲದೆ ನಿನಗೆ ಹಾಗೆ ಕಾಣುದು," ಎಂದೆ. ಅವಳು ನಿದ್ದೆ ಬಿಡುತ್ತಿದ್ದದ್ದು ನನ್ನ ಮಗುವಿಗಾಗಿ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಇವರ ಕಡೆಯಿಂದ ತೊಂದರೆ ಇರಲಿಲ್ಲ. ಇವರು ಸ್ನಾನಕ್ಕೆ ಕನ್ನಡಕ ತೆಗೆದಿಟ್ಟು ಹೋಗುವವರು. ಕನ್ನಡಕವಿಲ್ಲದೆ ಇವರಿಗೆ ಬಿಲ್ಲೆಯೂ ಕಾಣದು, ಬಣ್ಣವೂ ಕಾಣದು. ಎಡಗಡೆಯದ್ದು ಗೀಸರಿನದು ಎಂಬ ಅಭ್ಯಾಸದ ಮೇಲೆ ತಿರುಗಿಸಿ, ತಣ್ಣೀರು ಮಿಂದು ಬರುತ್ತಿದ್ದರು. ಇವರಿಗೆ ಕಂಡ ದೊಡ್ಡ ಬದಲಾವಣೆಯೆಂದರೆ ನಾಬು ಗೆರೆಯ ಮೇಲೆಯೇ ನಿಂತಿರುವುದು. ಬಿಸಿನೀರು ಸಿಗುತ್ತಿದ್ದ ಅಮ್ಮ ಸ್ಟೂಲು ಹತ್ತುವುದನ್ನೇ ಬಿಟ್ಟಿದ್ದಳು.

"ನೋಡಿದ್ಯಾ, ಅತ್ತೆ ಅರ್ಥ ಮಾಡ್ಕೊಂಡ್ರು," ಎಂದರು ಇವರು.

ಇಬ್ಬರಿಗೂ ಇನ್ನೊಬ್ಬರು ತಮ್ಮ ಮಾತು ಕೇಳಿದರು ಎಂಬ ಸಂತೋಷ. ಇವರು ಕರಾಮದ ಹೂವಿನ ಅಂಗಡಿಯಿಂದ ಅತ್ತೆಗೆಂದು ಮಲ್ಲಿಗೆ ತಂದು ಮಗಳ ತೊಟ್ಟಿಲಿನ ಮೇಲೆ ಇಟ್ಟರು. ಅಮ್ಮ ತೊಟ್ಟಿಲಿನಿಂದ ತೆಗೆದು ಮುಡಿದುಕೊಂಡಳು. ಮರುದಿನ ಅವಳು ತೆಂಗಿನೆಣ್ಣೆ ಬಿಟ್ಟು ಕಡಲೆಕಾಯಿ ಎಣ್ಣೆಯಲ್ಲಿ ಒಗ್ಗರಣೆ ಹಾಕಿದಳು. ಕರಾವಳಿಯ ಹೆಂಗಸೊಬ್ಬಳು ಮೈಸೂರಿನ ಅಳಿಯನಿಗಾಗಿ ಅದಕ್ಕಿಂತ ಹೆಚ್ಚು ಏನು ಮಾಡಿಯಾಳು? ನಾನು ಇಬ್ಬರ ನಡುವೆ ಕೂತು ಉಂಡೆ. ನೀರು ಕಾಯಿಸುತ್ತಿದ್ದದ್ದು ಸೂರ್ಯ, ಹೆಸರು ಬಂದದ್ದು ಅಳಿಯನಿಗೆ.

ಮೂವತ್ತೊಂದನೆಯ ನೀರಿನ ದಿನ ಶನಿವಾರ, ಇವರಿಗೆ ರಜೆ. ನನ್ನದಾದ ಮೇಲೆ ಮಗುವಿನ ಸರದಿ. ಅಮ್ಮ ಮಣೆಯ ಮೇಲೆ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡಿದ್ದಳು. ನಾನು ತಲೆಗೆ ಬಟ್ಟೆ ಸುತ್ತಿ, ಟವೆಲು ಹಿಡಿದು, ಬಾಗಿಲ ಹೊರಗೆ ನಿಂತಿದ್ದೆ. ಇವರು ಫೋನಿನಲ್ಲಿ ವಿಡಿಯೋ ಮಾಡಲೆಂದು ಒಳಗೆ ನಲ್ಲಿಯ ಪಕ್ಕ ನಿಂತಿದ್ದರು, ಕನ್ನಡಕ ಹಾಕಿಕೊಂಡು.

"ಇದು ಹೆಚ್ಚು ಬಿಸಿಯಾಯ್ತು. ಒಂದು ಚೊಂಬು ತಣ್ಣೀರು ಕೊಡ್ಲಿಕ್ಕೆ ಹೇಳು," ಎಂದಳು ಅಮ್ಮ ನನಗೆ. ಅವಳ ಎರಡೂ ಕೈ ಎಣ್ಣೆ, ಕಾಲ ಮೇಲೆ ಮಗು.

ಇವರು ನಾನು ಹೇಳುವುದಕ್ಕೆ ಕಾಯಲಿಲ್ಲ. ಫೋನನ್ನು ಜೇಬಿಗೆ ಹಾಕಿ, ಚೊಂಬು ತೆಗೆದುಕೊಂಡು, ನಲ್ಲಿಗಳನ್ನು ನೋಡಿದರು. ಹನ್ನೆರಡು ವರ್ಷದ ಹಳಬರು. ಬೇಸಿಗೆಯಲ್ಲಿ ತಣ್ಣೀರು ಎಂದರೆ ಕೆಂಪು. ಕೆಂಪನ್ನು ತಿರುಗಿಸಿದರು. ಚೊಂಬು ತುಂಬಿ ಅಮ್ಮನ ಕೈಗೆ ಕೊಟ್ಟರು.

ಟವೆಲು ಕೈಬಿಟ್ಟು ನಾನು ಹೊಸ್ತಿಲಿಗೆ ಮುನ್ನುಗ್ಗಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಜಗಳ ನಡೆಯದಿರಲಿ ಎಂದು ನಾನು ಮಾಡಿದ ಕೆಲಸಕ್ಕೆ ನನ್ನ ಕೂಸು ಸುಡುವುದರಲ್ಲಿತ್ತು. ಭಯ ಎಂದರೆ ಏನೆಂದು ಅವತ್ತು ತಿಳಿಯಿತು.

ಅಮ್ಮ ಚೊಂಬನ್ನು ಎತ್ತಿದಳು. ಬಗ್ಗಿಸಿದಳು, ತನ್ನ ಮುಂಗೈಯ ಮೇಲೆ. ಯಾರು ಕೊಟ್ಟ ನೀರಾದರೂ, ಯಾವ ನೀರಾದರೂ, ಮೊದಲು ತನ್ನ ಕೈಗೆ ಹೊಯ್ದುಕೊಳ್ಳದೆ ಅವಳು ಮಗುವಿಗೆ ಹೊಯ್ಯುವುದಿಲ್ಲ. ಮುಂಗೈ ಮಣಿಕಟ್ಟಿನಿಂದ ಮೊಣಕೈ ತನಕ ಕೆಂಪಾಯಿತು. ಅವಳು ಕೂಗಲಿಲ್ಲ, ಕಾಲು ಅಲುಗಿಸಲಿಲ್ಲ. ಚೊಂಬನ್ನು ನಿಧಾನವಾಗಿ ದೂರ ಇಟ್ಟಳು. ಮತ್ತೆ ತಲೆಯೆತ್ತಿ, ಏಳು ವಾರದಲ್ಲಿ ಮೊದಲ ಸಲ, ಅಳಿಯನ ಮುಖವನ್ನೇ ನೋಡಿ ಮಾತಾಡಿದಳು.

"ನೀವು ಮಗುವಿಗೆ ಕುದಿಯುವ ನೀರು ಕೊಡುದಾ?"

"ಅಯ್ಯೋ ಇಲ್ಲ ಅತ್ತೆ! ತಣ್ಣೀರೇ ತಿರುಗಿಸಿದ್ದು. ಬೇಸಿಗೇಲಿ ಇಲ್ಲಿ ಕೆಂಪು ಅಂದ್ರೆ ತಣ್ಣೀರು."

"ಕೆಂಪು ಅಂದ್ರೆ ತಣ್ಣೀರಾ?" ಅಮ್ಮ ನನ್ನ ಕಡೆ ತಿರುಗಿದಳು. "ಇವರಿಗೆ ಎಂತ, ತಲೆ ಸರಿ ಉಂಟಾ?"

ಇವರೂ ನನ್ನ ಕಡೆ ತಿರುಗಿದರು. ನಾನು ಒಳಗೆ ಬಂದು, ಉಗುರು ಹಾಕಿ ಎರಡು ಬಿಲ್ಲೆಗಳನ್ನೂ ಕಿತ್ತು, ಅಂಗೈಯಲ್ಲಿ ಹಿಡಿದು ತೋರಿಸಿದೆ. ಅಳುತ್ತ ಎಲ್ಲ ಹೇಳಿದೆ, ಗೀಸರು ಆರಿದ್ದು, ಟ್ಯಾಂಕು ಬೆಂದದ್ದು, ನಾನು ಬಿಲ್ಲೆ ಬದಲಿಸಿದ್ದು. ಇನ್ನು ಸುಳ್ಳು ಹೇಳುವುದಿಲ್ಲ ಎಂದೆ. ಅಮ್ಮ ಅಷ್ಟು ಹೊತ್ತೂ ನೀರು ಬೆರೆಸಿ ಮಗುವನ್ನು ಮೀಯಿಸುತ್ತಲೇ ಇದ್ದಳು. ಮೀಯಿಸಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟ ಮೇಲೆ ಹೇಳಿದಳು, "ನನ್ನ ಕೈ ಇದ್ದದ್ದಕ್ಕೆ ಆಯ್ತು. ನಾನು ಹೋದ ಮೇಲೆ ಆಗಿದ್ರೆ?"

ಅವತ್ತಿಡೀ ಅಮ್ಮ ನನ್ನ ಜೊತೆ ಮಾತಾಡಲಿಲ್ಲ. ಏನಾದರೂ ಬೇಕಾದರೆ ಅಳಿಯನಿಗೆ ಹೇಳುತ್ತಿದ್ದಳು, "ಅವಳಿಗೆ ಊಟಕ್ಕೆ ಏಳ್ಲಿಕ್ಕೆ ಹೇಳಿ."

ಮಧ್ಯಾಹ್ನ ಇವರು ಮುಲಾಮು ತಂದು ಅಮ್ಮನ ಎದುರು ನೆಲದ ಮೇಲೆ ಕೂತರು. "ಕೈ ಕೊಡಿ ಅತ್ತೆ," ಎಂದರು. ಅಮ್ಮ ಕೊಡಲಿಲ್ಲ, ಮುಲಾಮು ತೆಗೆದುಕೊಂಡು ತಾನೇ ಹಚ್ಚಿಕೊಂಡಳು. ಹಚ್ಚಿಕೊಳ್ಳುತ್ತ ಬೊಂಬಾಯಿಯ ಕತೆ ಹೇಳಿದಳು, ಚಾಳು, ನಲ್ಲಿಯ ಸಾಲು, ಹನ್ನೊಂದನೆಯ ದಿನದ ಕೊಡಪಾನ. ಮದುವೆಯಾಗಿ ನಾಲ್ಕು ವರ್ಷವಾದರೂ ನಾನು ಅದನ್ನು ಇವರಿಗೆ ಹೇಳಿರಲಿಲ್ಲ. ಇವರು ತಲೆ ತಗ್ಗಿಸಿ ಕೇಳಿದರು.

ಮರುದಿನ ಬೆಳಿಗ್ಗೆ ನಾವು ಏಳುವ ಮೊದಲೇ ಇವರು ಗೀಸರಿನ ಸ್ವಿಚ್ ಹಾಕಿ, ನಾಬನ್ನು ಕುಂಕುಮದ ಬೊಟ್ಟಿಗೆ ತಂದಿದ್ದರು. ಮನಸ್ಸು ದೊಡ್ಡದು, ನಿಜ. ಆದರೆ ಜೂನ್ ತಿಂಗಳು. ಟ್ಯಾಂಕಿನಿಂದ ಬರುವುದು ಬಿಸಿ, ಗೀಸರಿನಿಂದ ಬರುವುದು ಅದಕ್ಕಿಂತ ಬಿಸಿ. ಇಡೀ ಮನೆಯಲ್ಲಿ ಬೆರೆಸಲು ಒಂದು ತೊಟ್ಟು ತಣ್ಣೀರಿಲ್ಲ. ಅಮ್ಮ ಹಲ್ಲುಜ್ಜಲು ಹೋದವಳು ಬಾಯಿ ಮುಕ್ಕಳಿಸಲಾಗದೆ ಹಾಗೆಯೇ ಹೊರಬಂದಳು. ಕುಡಿಯುವ ನೀರಿನ ಕ್ಯಾನನ್ನು ಬಾಲ್ದಿಗೆ ಸುರಿದು ಬೆರೆಸಿ ಅವತ್ತಿನ ಮೂವತ್ತೆರಡನೆಯ ನೀರು ಮುಗಿಯಿತು.

ಇವರು ಅಂಗಡಿಯಿಂದ ಬರುವಷ್ಟರಲ್ಲಿ ಸ್ವಿಚ್ ಆರಿತ್ತು, ನಾಬು ನೀಲಿ ಗೆರೆಯ ಮೇಲಿತ್ತು.

"ಅತ್ತೆ, ಆಫ್ ಮಾಡಿದ್ರಾ?"

"ಮಾಡಿದೆ. ಕರೆಂಟು ಸುಮ್ಮನೆ ಬರ್ತದಾ?" ಎಂದಳು ಅಮ್ಮ.

ಬಿಲ್ಲೆಗಳನ್ನು ಇಬ್ಬರೂ ಸೇರಿ ನನ್ನ ಕೈಯಿಂದಲೇ ಮೊದಲಿನ ಜಾಗಕ್ಕೆ ಹಾಕಿಸಿದರು. ಉಳಿದ ಎಂಟು ದಿನ ಅಮ್ಮ ನೀಲಿಯಿಂದ ಬಿಸಿನೀರು, ಕೆಂಪಿನಿಂದ ತಣ್ಣೀರು ಹಿಡಿದು ಮೀಯಿಸಿದಳು. "ಎಂತ ಊರು ಮಾರಾಯ್ತಿ ಇದು," ಎಂದು ದಿನಾ ಒಂದು ಸಲ ಹೇಳುತ್ತಿದ್ದಳು. ನಲವತ್ತನೆಯ ಗೆರೆ ಎಳೆದ ಮರುದಿನ ವಿಮಾನ ಹತ್ತಿದಳು. ಮಣೆಯನ್ನೂ ಚೊಂಬನ್ನೂ ಬಿಟ್ಟುಹೋದಳು.

ಜನವರಿಯಲ್ಲಿ ಮಗಳಿಗೆ ಒಂಬತ್ತು ತಿಂಗಳು. ತೆವಳುವ ಮಗು, ದಿನಕ್ಕೆ ನೂರು ಸಲ ಬಗ್ಗಿ ಎತ್ತಬೇಕು. ಚಳಿ ಶುರುವಾದಂತೆ ನನ್ನ ಸೊಂಟದ ಎಡಗಡೆ ಒಂದು ನೋವು ಬಂದು ಕೂತಿತು. ಹೋಗಲಿಲ್ಲ. ಒಂದು ದಿನ ನೆಲದಿಂದ ಏಳುವಾಗ ನನ್ನ ಕೈ ಗೋಡೆ ಹಿಡಿದಿತ್ತು. ಅದನ್ನು ಇವರು ನೋಡಿದರು.

ಅದೇ ಸಂಜೆ ಅಮ್ಮ ಫೋನ್ ಮಾಡಿದಳು. ಮಗಳಿಗೆ ಕೇಳಿಸಲಿ ಎಂದು ಸ್ಪೀಕರ್ ಹಾಕಿದ್ದೆ. ಎಲ್ಲ ಮಾತಾಡಿ ಕೊನೆಗೆ ಅವಳು ಪ್ರತಿ ಸಲ ಕೇಳುವುದನ್ನು ಕೇಳಿದಳು. "ಸೊಂಟ ಹೇಗುಂಟು?"

"ಎಂತದೂ ಇಲ್ಲಮ್ಮ. ಕಲ್ಲಿನ ಹಾಗೆ ಉಂಟು."

"ಉಂಟಲ್ಲ? ನಲವತ್ತು ನೀರು ಮಿಂದದ್ದು ಸುಮ್ಮನೆಯಾ?" ಎಂದು ಅಮ್ಮ ನಕ್ಕಳು. ಅಷ್ಟು ಖುಷಿಯಾಗಿ ಅವಳು ನಕ್ಕದ್ದನ್ನು ನಾನು ಕೇಳಿದ್ದು ಕಡಿಮೆ. ಇನ್ನು ಸುಳ್ಳು ಹೇಳುವುದಿಲ್ಲ ಎಂದು ಬಿಲ್ಲೆಗಳನ್ನು ಕೈಯಲ್ಲಿ ಹಿಡಿದು ಅವಳ ಎದುರೇ ಅತ್ತವಳು ನಾನು.

ಇವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡರು. ಎದ್ದು ಬಚ್ಚಲಿನ ಕಡೆ ಹೋದರು. ಸ್ವಿಚ್ ಹಾಕಿದ ಸದ್ದು ಕೇಳಿಸಿತು. ಇಪ್ಪತ್ತು ನಿಮಿಷ ಕಳೆಯಿತು, ಆರಿಸಿದ ಸದ್ದು ಬರಲಿಲ್ಲ. ಅರ್ಧ ಗಂಟೆಯ ಮೇಲೆ ಬಂದು "ಏಳು" ಎಂದರು.

ಒಳಗೆ ಮಣೆ ಹಾಕಿತ್ತು. ಬಾಲ್ದಿಯಿಂದ ಹಬೆ ಏಳುತ್ತಿತ್ತು. ನಾಬು ಕುಂಕುಮದ ಬೊಟ್ಟಿಗೆ ನೇರವಾಗಿ ನಿಂತಿತ್ತು. ನಾನು ಗೋಡೆ ಹಿಡಿದು ಕೂತೆ. ಇವರು ಪ್ಯಾಂಟು ಮೊಣಕಾಲಿಗೆ ಮಡಚಿ, ತಾಮ್ರದ ಚೊಂಬಿನಲ್ಲಿ ನೀರೆತ್ತಿ, ಮೊದಲು ತಮ್ಮ ಮುಂಗೈಗೆ ಹೊಯ್ದುಕೊಂಡು ನೋಡಿದರು. ಆಮೇಲೆ ನನ್ನ ಸೊಂಟಕ್ಕೆ ಹೊಡೆದರು. ಹೊಡೆಯಲು ಬರುವುದಿಲ್ಲ, ಅರ್ಧ ನೀರು ಗೋಡೆಗೆ ಬಿತ್ತು.

"ಬಿಸಿ ಉಂಟಾ?" ಎಂದು ಕೇಳಿದರು ಮೈಸೂರಿನವರು.

"ಉಂಟು," ಎಂದೆ. ನಿಜವಾಗಿಯೂ ಇತ್ತು.